ತೊಂಬತ್ತಾರು ಪುಟದ ಸಾಮ್ರಾಜ್ಯ

ಲಿಫ್ಟ್ ಕಂಪನಿಯಲ್ಲಿ ಸೂಚನಾ ಫಲಕ ಬರೆಯುವ ಈ ಮಹಿಳೆಗೆ ಸಹೋದ್ಯೋಗಿಗಳಿಟ್ಟ ಹೆಸರು ಕತ್ತರಿ. ಲಿಫ್ಟ್ ನಡುವೆ ನಿಂತರೆ ಏನು ಮಾಡಬೇಕೆಂಬುದನ್ನು ಇಪ್ಪತ್ತೆರಡು ವರ್ಷ ತಿದ್ದಿ ತಿದ್ದಿ ಹನ್ನೊಂದು ಪದಗಳಿಗೆ ಇಳಿಸಿದ್ದಾರೆ. ಹೊಸದೇನಾದರೂ ಬರೆದಾಗ ಕ್ಯಾಂಟೀನಿನ ಅಡುಗೆಯವರನ್ನು ಒಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ಹೊರಗೆ ಗಡಿಯಾರ ಹಿಡಿದು ಕಾಯುವುದು ಅವರ ಪದ್ಧತಿ. ಅಡುಗೆಯವರು ತಡವರಿಸಿದರೆ ತಪ್ಪು ಬರಹದ್ದು.

ಅವರ ತಮ್ಮ ವಿಮಾ ಕಚೇರಿಯ ಗುಮಾಸ್ತ. ಭಾನುವಾರ ಮಾತ್ರ ಚಕ್ರವರ್ತಿ. ಖಾಲಿ ಗೋದಾಮೊಂದರಲ್ಲಿ ನಲವತ್ತು ಮಂದಿ ವಯಸ್ಕರು ಅವನ ಪಾತ್ರದಾಟ ಆಡುತ್ತಾರೆ. ಪ್ರೇಕ್ಷಕರಿಲ್ಲ, ಬಾಯಿಪಾಠದ ಮಾತಿಲ್ಲ. ಸಂಜೆಯವರೆಗೆ ಸೇನಾನಿಯೋ ಗೂಢಚಾರನೋ ಆಗಿದ್ದು, ಸ್ಪಂಜಿನ ಕತ್ತಿ ಬೀಸುತ್ತ, ನಿಯಮ ಪುಸ್ತಕ ಹೇಳಿದಂತೆ ನಡೆಯಬೇಕು. ಆಟದಲ್ಲಿ ಕೆಡುಕಿಲ್ಲ, ಕೆಡುಕೆಲ್ಲ ಪುಸ್ತಕದಲ್ಲಿದೆ. ತಮ್ಮ ಬರೆದ ತೊಂಬತ್ತಾರು ಪುಟಗಳಲ್ಲಿ ಚಕ್ರವರ್ತಿಯ ವಂಶಾವಳಿಗೇ ಹತ್ತೊಂಬತ್ತು. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ಆಟ ನಿಲ್ಲಿಸುವ ಬಗೆಗೆ ಮೂರೇ ಸಾಲು, ಅವೂ ಮೂರು ಕಡೆ: ಒಂಬತ್ತನೇ ಪುಟದಲ್ಲಿ ಕೈ ಎತ್ತಬೇಕು, ನಲವತ್ತರಲ್ಲಿ ಸೀಟಿ ಊದಬೇಕು, ಎಪ್ಪತ್ತೇಳರಲ್ಲಿ ‘ಸಾಮ್ರಾಜ್ಯದ ಉಸಿರು ನಿಲ್ಲಲಿ’ ಎಂದು ಘೋಷಿಸಬೇಕು.

ಕಳೆದ ಭಾನುವಾರ ಕತ್ತರಿಯವರ ಮಗಳು ಗೋದಾಮಿನ ಮೆಟ್ಟಿಲಲ್ಲಿ ಜಾರಿ ಪಾದದ ಮೂಳೆ ಮುರಿದುಕೊಂಡಳು. ಒಂಬತ್ತನೇ ಪುಟ ಓದಿದ್ದವಳು ಕೈ ಎತ್ತಿದಳು. ನಲವತ್ತನೇ ಪುಟ ಓದಿದ್ದ ತೀರ್ಪುಗಾರ ಸೀಟಿಗಾಗಿ ಕಾದ. ಉಳಿದವರು ಅಭಿನಯಕ್ಕೆ ತಲೆದೂಗಿದರು. ಒಬ್ಬ ಸೇನಾನಿಗೆ ಅಳು ತುಸು ಅತಿಯಾಯಿತು ಅನ್ನಿಸಿತಂತೆ. ಹೀಗೆ ಕಳೆದದ್ದು ಹದಿನೈದು ನಿಮಿಷ.

ಈ ಭಾನುವಾರ ಅದೇ ಮೆಟ್ಟಿಲ ಮೇಲೆ ಮುತ್ತಿಗೆಯ ಆಟ. ಅಷ್ಟರೊಳಗೆ ಪುಸ್ತಕ ಬದಲಾಗದಿದ್ದರೆ ಇನ್ನೊಬ್ಬರ ಮಗಳು ಬಿದ್ದು ಹೀಗೇ ಒದ್ದಾಡುತ್ತಾಳೆ. ಕತ್ತರಿ ಒಂದೇ ಹಾಳೆಯಲ್ಲಿ ನಿಯಮ ಬರೆದುಕೊಟ್ಟರು. ಶನಿವಾರ ಮಧ್ಯಾಹ್ನ ತಮ್ಮ ಅದನ್ನು ಹಿಡಿದುಕೊಂಡೇ ಅಕ್ಕನ ಮನೆಗೆ ಬಂದ.

“ಅಕ್ಕಾ, ಇದ್ರಲ್ಲಿ ರಸಾನೇ ಇಲ್ವಲ್ಲ. ಔಷಧಿ ಚೀಟಿ ಥರ ಇದೆ.”

“ಔಷಧಿ ಚೀಟಿ ನೋಡಿ ಯಾರೂ ತಲೆದೂಗಲ್ಲ ಬಿಡು.”

“ಅವಳು ಪುಸ್ತಕ ಪೂರ್ತಿ ಓದಿರ್ಲಿಲ್ಲ, ಅಷ್ಟೇ.”

“ನೀನು ಓದಿದೀಯಾ?”

“ಬರ್ದಿದ್ದೇ ನಾನು.”

“ಹಾಗಾದ್ರೆ ಬಾ, ಹೊರಗಿನ ಮೆಟ್ಟಿಲ ಮೇಲೆ ಮಲಗು. ಕಾಲು ಮುರಿದಿದೆ ಅಂದ್ಕೋ. ಪುಸ್ತಕದ ಪ್ರಕಾರ ನನ್ನ ಕರಿ, ಬರ್ತೀನಿ.”

ಚಕ್ರವರ್ತಿ ನಗುತ್ತಲೇ ಮಲಗಿ ಕೈ ಎತ್ತಿದ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕುಳಿತಿದ್ದ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಗಳು ಪುಟ ತಿರುವಿದಳು.

“ನಲವತ್ತನೇ ಪುಟ, ಮಾವ. ಸೀಟಿ ಎಲ್ಲಿ?”

“ಅದು ಗೋದಾಮಿನ ಬೀರುವಲ್ಲಿ ಇರತ್ತೆ.”

“ಹಂಗಾದ್ರೆ ಬಿದ್ದೋನು ಊದೋದು ಹೇಗೆ?”

ಅವನು ಗಂಟಲು ಸರಿಮಾಡಿಕೊಂಡು ಸಾಮ್ರಾಜ್ಯದ ಉಸಿರು ನಿಲ್ಲಿಸಿದ.

“ಇದು ಎದ್ದು ನಿಂತು ಹೇಳ್ಬೇಕಂತೆ. ನೀವೇ ಬರ್ದಿದೀರ.”

ಕತ್ತರಿ ಗಡಿಯಾರ ನೋಡುತ್ತಿದ್ದರು. ಚೀಲ ಹಿಡಿದು ಮೇಲೇರುತ್ತಿದ್ದ ಪಕ್ಕದ ಮನೆಯವರು ಚಕ್ರವರ್ತಿಯನ್ನು ಜೋಪಾನವಾಗಿ ದಾಟಿಕೊಂಡು ಹೋದರು. ಆರು ನಿಮಿಷವಾದ ಮೇಲೆ ಅವನು ಜೇಬಿನಿಂದ ಅಕ್ಕನ ಹಾಳೆ ತೆಗೆದು ಓದಿದ: ‘ನಿಜ, ನಿಜ’ ಎಂದು ಜೋರಾಗಿ ಕೂಗಿ. ಕೇಳಿದವರು ಆಟ ಬಿಟ್ಟು ಬನ್ನಿ.

“ನಿಜ,” ಅಂದ.

“ಜೋರಾಗಿ ಅಂತಿದೆ, ಮಾವ.”

ಅವನು ಕೂಗಿದ. ಅಕ್ಕ ಎರಡು ಸೆಕೆಂಡಿನಲ್ಲಿ ಬಂದು ಕೈ ಕೊಟ್ಟು ಎಬ್ಬಿಸಿದರು.

ಭಾನುವಾರ ಗೋದಾಮಿನ ಬಾಗಿಲಿಗೆ ಆ ಹಾಳೆ ಅಂಟಿತ್ತು. ಪುಸ್ತಕದಿಂದ ಮೂರೂ ಸಾಲು ಹೋಗಿದ್ದವು. ತೆರವಾದ ಜಾಗದಲ್ಲಿ ಚಕ್ರವರ್ತಿಗೆ ಇನ್ನಿಬ್ಬರು ಮುತ್ತಾತಂದಿರು ಹುಟ್ಟಿಕೊಂಡಿದ್ದರು.