ವಾಕ್ಯ ಅಗಿಯಲು ಕಲಿಸಿದವರು

ಸಿಟ್ಟು ಬಂದರೆ ಅವರಿಗೆ ಮೊದಲು ಕಿವಿ ಕೆಂಪಾಗುತ್ತಿತ್ತು. ಮುಖ ಹಾಗೇ ಇರುತ್ತಿತ್ತು, ದನಿಯೂ ಏರುತ್ತಿರಲಿಲ್ಲ. ಬಿಗಿಯಾಗಿ ಎಳೆದು ಕಟ್ಟಿದ ನರೆಗೂದಲಿನ ಪಕ್ಕದಲ್ಲಿ ಆ ಎರಡು ದೊಡ್ಡ ಕಿವಿಗಳು ಮಾತ್ರ ಕೆಂಡದ ಹಾಗೆ ಹೊತ್ತಿಕೊಳ್ಳುತ್ತಿದ್ದವು. ಓಲೆ ಹಾಕುವವರಲ್ಲ, ಕಿವಿಯ ಮೇಲೆ ಸೆರಗು ಹೊದೆಯುವವರೂ ಅಲ್ಲ. ಗುಬ್ಬಿಯ ನಮ್ಮ ಹಳೆಯ ಚರ್ಚಿನ ಸಂಡೇ ಸ್ಕೂಲಿನ ಮಕ್ಕಳು ಬಾಗಿಲಲ್ಲೇ ನಿಂತು ಟೀಚರ ಕಿವಿ ನೋಡಿ, ಇವತ್ತು ಹೇಗೆ ಕೂರಬೇಕು ಅಂತ ತೀರ್ಮಾನ ಮಾಡುತ್ತಿದ್ದೆವು.

ವಾರವೆಲ್ಲ ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಭಾನುವಾರ ನಮಗೆ ವಾಕ್ಯ. ನಾವು ಕ್ರೈಸ್ತರು ನಮ್ಮ ವೇದಪುಸ್ತಕದ ಮಾತನ್ನು ‘ವಾಕ್ಯ’ ಅಂತಲೇ ಕರೆಯುವುದು. ಟೀಚರ್ ಮದುವೆ ಮಾಡಿಕೊಳ್ಳದೆ ಉಳಿದವರು. ಅದಕ್ಕೆ ಕಾರಣ ಕೇಳಿದವರಿಗೆ, "ನಿಮಗೆ ಬೇರೆ ಕೆಲಸ ಇಲ್ವಾ?" ಅಂತ ತಿರುಗಿ ಕೇಳುತ್ತಿದ್ದರು.

ಅವರ ಬಗ್ಗೆ ಬರೆಯುವುದಾದರೆ ಸಮಾಧಾನವಾಗಿ ಬರೆ ಅಂತ ಮನೆಯಲ್ಲಿ ಹೇಳಿದ್ದಾರೆ. ಆಗುವುದಿಲ್ಲ. ಅವರು ಹೋಗಿ ಇನ್ನೂ ವರ್ಷವಾಗಿಲ್ಲ. ಅವರಿಗೆ ಅನ್ಯಾಯ ಮಾಡಿದವರೆಲ್ಲ ಚೆನ್ನಾಗಿ ಉಂಡುಕೊಂಡು, ಭಾನುವಾರ ಇಸ್ತ್ರಿ ಬಟ್ಟೆ ಹಾಕಿಕೊಂಡು ಓಡಾಡುತ್ತಿದ್ದಾರೆ.

ಬೇರೆ ಟೀಚರುಗಳ ಹತ್ತಿರ ವಾಕ್ಯ ಬಾಯಿಪಾಠ ಮಾಡಿದರೆ ಪ್ಲಾಸ್ಟಿಕ್ ಡಬ್ಬಿ ಬಹುಮಾನ ಸಿಗುತ್ತಿತ್ತು. ನಾನು ಆ ವಿಷಯದಲ್ಲಿ ಜೋರು. ಒಂದು ಭಾನುವಾರ ಉಸಿರು ತೆಗೆದುಕೊಳ್ಳದೆ ಒಂದು ಪುಟ ಪೂರ್ತಿ ಒಪ್ಪಿಸಿ, ಚಪ್ಪಾಳೆಗೆ ಕಾದು ನಿಂತೆ. ಟೀಚರ್ ನನ್ನನ್ನೇ ನೋಡುತ್ತಾ, "ಬಾಯಿಗೆ ಬಂತು. ಒಳಕ್ಕೆ ಹೋಯ್ತಾ?" ಅಂದರು.

ನನಗೆ ಅರ್ಥವಾಗಲಿಲ್ಲ.

"ಮುದ್ದೆ ನುಂಗಬೇಕು ಕಣೇ, ವಾಕ್ಯ ಅಗೀಬೇಕು. ಅಗೀದೆ ನುಂಗಿದ್ರೆ ಹೊಟ್ಟೇಲಿ ಕಲ್ಲಾಗಿ ಕೂತ್ಕೊಳುತ್ತೆ. ನೀನೂ ಬೆಳೆಯಲ್ಲ, ಅದೂ ಬೆಳೆಯಲ್ಲ."

ಇನ್ನೊಂದು ಸಲ, ದಾರಿ, ಕಲ್ಲು, ಹದವಾದ ನೆಲ ಎಲ್ಲದರ ಮೇಲೂ ಬೀಜ ಬೀಳುವ, ವೇದಪುಸ್ತಕದ ಬಿತ್ತುವವನ ಕಥೆ ಹೇಳಬೇಕಾದಾಗ, ನಮ್ಮನ್ನೆಲ್ಲ ಚರ್ಚಿನ ಹಿಂದಿನ ಹೊಲಕ್ಕೇ ಕರೆದುಕೊಂಡು ಹೋದರು. ಯಾರೋ ಹೊಸದಾಗಿ ರಾಗಿ ಚೆಲ್ಲಿದ್ದರು. ಕಾಲುದಾರಿಯ ಮೇಲೆ ಬಿದ್ದದ್ದನ್ನು ಗೊರವಂಕಗಳು ಆರಿಸಿ ತಿನ್ನುತ್ತಿದ್ದವು. "ದೇವರು ಎಲ್ಲರಿಗೂ ಒಂದೇ ಬೀಜ ಚೆಲ್ಲೋದು. ನೀನಿವತ್ತು ಯಾವ ನೆಲ, ಹೇಳು?" ಅಂತ ಒಬ್ಬೊಬ್ಬರನ್ನೇ ಕೇಳಿದರು. ನಾನು, "ಇವತ್ತು ನಾನು ಕಾಲ್ದಾರಿ ಟೀಚರ್. ಮನೇಲಿ ಇಡ್ಲಿ ಮಾಡ್ತಾ ಇದಾರೆ, ಅದೇ ನೆನಪಾಗ್ತಿದೆ" ಅಂದೆ. ಅವರು ಬಾಯಿ ತುಂಬ ನಕ್ಕರು. "ನಿಜ ಹೇಳ್ದೆ ನೋಡು, ಅಷ್ಟರಮಟ್ಟಿಗೆ ನೆಲ ಹದ ಆಯ್ತು."

ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವರು ಜಗಲಿಯ ಮೇಲೆ ಕೂತು ನಾಲ್ಕು ಸಾಲು ಓದುತ್ತಿದ್ದರು. ಓದುತ್ತಿದ್ದರು ಅನ್ನುವುದಕ್ಕಿಂತ ಜಗಳವಾಡುತ್ತಿದ್ದರು ಅನ್ನಬೇಕು. ಕಾಫಿ ಆರಿಹೋಗಿರುತ್ತಿತ್ತು. "ಇದೇನ್ ಸ್ವಾಮಿ, ಹಿಂಗಂತೀಯಲ್ಲ? ನನ್ ಕೈಲಿ ಆಗುತ್ತಾ ಇದು?" ಅಂತ ದೇವರನ್ನು ಕೇಳುವುದು ರಸ್ತೆಗೆ ಕೇಳಿಸುತ್ತಿತ್ತು. ಆಗುವುದಿಲ್ಲ ಅನಿಸಿದ ಸಾಲನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ. ವಾರಗಟ್ಟಲೆ ಅದೇ ಸಾಲು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನಗೆ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಮೈ ತಾನಾಗಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿತ್ತು. ಬದುಕಿರುವ ತನಕ ಸೂಜಿ ಹಾಕಿಕೊಳ್ಳಲೇಬೇಕು ಅಂತ ತುಮಕೂರಿನ ಡಾಕ್ಟರು ಹೇಳಿದರು. ಅಪ್ಪ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಹಣೆ ಉಜ್ಜಿಕೊಂಡು, "ಸರಿ, ಹಾಕೋಣ" ಅಂದರು. ಅಮ್ಮನಿಗೆ ಮಾತ್ರ ತಡೆದುಕೊಳ್ಳಲಾಗಲಿಲ್ಲ. ನನ್ನ ಹೊಟ್ಟೆಗೆ ಸೂಜಿ ಚುಚ್ಚುವಾಗ ಪ್ರತಿಸಲ ಅವಳ ಕಣ್ಣಲ್ಲಿ ನೀರು. ಮುಂದೆ ಮದುವೆ ಹೇಗೆ, ಮಕ್ಕಳು ಹೇಗೆ ಅಂತ ಅವಳಿಗೆ ಹೆದರಿಕೆ. ಹೆದರಿದವರನ್ನು ಹುಡುಕಿಕೊಂಡು ಬರುವವರು ಇದ್ದೇ ಇರುತ್ತಾರೆ.

ಕುಣಿಗಲ್‌ನಲ್ಲಿದ್ದ ನಮ್ಮ ಸೋದರಮಾವ ಅಮ್ಮನನ್ನೂ ನನ್ನನ್ನೂ ಅಲ್ಲಿನ ಒಂದು ಹೊಸ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದರು. ತಗಡಿನ ಛಾವಣಿ, ಎದೆ ಅದುರುವಂಥ ಸ್ಪೀಕರ್‌ಗಳು, ಕೀಬೋರ್ಡು. ಬಿಳೀ ಕೋಟು ಹಾಕಿದ್ದ ಬೋಧಕ. ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ನನ್ನ ತಲೆಯ ಮೇಲೆ ಕೈಯೂರಿ, ಕುತ್ತಿಗೆ ನೋಯುವ ಹಾಗೆ ಅದುಮಿ, ಈ ಮಗಳಿಗೆ ಸ್ವಸ್ಥವಾಯಿತು ಅಂತ ಮೈಕಿನಲ್ಲಿ ಕೂಗಿದ. ಜನ ಸ್ತೋತ್ರ ಸ್ತೋತ್ರ ಅಂದರು. ಆಮೇಲೆ ಅಮ್ಮನ ಕಡೆ ಬಗ್ಗಿ, ಮೈಕು ಪಕ್ಕಕ್ಕೆ ಹಿಡಿದು, "ಮನೇಲಿ ಸೂಜಿ ಇಟ್ಕೊಂಡು ಇಲ್ಲಿಗೆ ಬಂದು ಪ್ರಾರ್ಥನೆ ಮಾಡ್ಸಿದ್ರೆ ದೇವರಿಗೆ ಅವಮಾನ ಅಲ್ವಾಮ್ಮ? ವಾಕ್ಯ ನಂಬ್ತೀಯೋ, ಡಾಕ್ಟರನ್ನ ನಂಬ್ತೀಯೋ?" ಅಂದ.

ನಾನು ಪಕ್ಕದಲ್ಲೇ ಇದ್ದೆ. ಮೈಕು ಪಕ್ಕಕ್ಕೆ ಹಿಡಿದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ತಾನು ಹೇಳುತ್ತಿರುವುದು ತಪ್ಪು ಅಂತ ಅವನಿಗೆ ಗೊತ್ತಿತ್ತು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಅಮ್ಮ ಸೂಜಿ ನಿಲ್ಲಿಸಿದಳು. ಅಪ್ಪನಿಗೆ ಹೇಳಲಿಲ್ಲ. ಎರಡು ಮೂರು ದಿನದಲ್ಲೇ ನನಗೆ ಬಾಯಾರಿಕೆ ಶುರುವಾಯಿತು, ಬಿಂದಿಗೆ ಕುಡಿದರೂ ತೀರದಂಥದ್ದು. ಆಮೇಲೆ ವಾಂತಿ. ಅಜೀರ್ಣ ಅಂತ ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ಪಾಳಿಗೆ ಹೋದ ಮೇಲೆ ನನ್ನ ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದಳು.

ಆ ಭಾನುವಾರ ನಾನು ಸಂಡೇ ಸ್ಕೂಲಿಗೆ ಹೋಗಲಿಲ್ಲ. ಕ್ಲಾಸು ಮುಗಿಸಿದವರೇ ಟೀಚರ್ ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಮಲಗಿ ಓಡಿಬಂದವಳ ಹಾಗೆ ಏದುಸಿರು ಬಿಡುತ್ತಿದ್ದೆನಂತೆ. ನನ್ನ ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತಂತೆ.

"ಸೂಜಿ ಹಾಕಿದ್ಯಾ?" ಅಂತ ಕೇಳಿದ್ದು ನನಗೆ ಮಬ್ಬುಮಬ್ಬಾಗಿ ನೆನಪಿದೆ.

"ಅವಳಿಗೆ ವಾಸಿಯಾಗಿದೆ ಟೀಚರ್. ಇದು ಪರೀಕ್ಷೆ ಅಷ್ಟೆ."

ಟೀಚರ್ ಮಾತು ಬೆಳೆಸಲಿಲ್ಲ. ನನ್ನನ್ನು ಎತ್ತಿಕೊಂಡರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ನನ್ ನಂಬಿಕೆ ಕೆಡಿಸಬೇಡಿ ಟೀಚರೇ, ನಿಮ್ ಕಾಲಿಗೆ ಬೀಳ್ತೀನಿ" ಅಂತ ಅಳುತ್ತಾ ಅವರ ಬೆನ್ನಿಗೆ, ಭುಜಕ್ಕೆ ಗುದ್ದಿದಳು. ಹೊಡೆತ ತಿನ್ನುತ್ತಲೇ ಟೀಚರ್ ಹೊರಗೆ ಬಂದರು. "ನಿನ್ ನಂಬಿಕೆ ಉಳೀಲಿ ಅಂತ ಇವಳು ಯಾಕೆ ಸಾಯಬೇಕು? ಬಂದ್ರೆ ಬಾ, ಇಲ್ದಿದ್ರೆ ದಾರಿ ಬಿಡು!" ಪಕ್ಕದ ಮನೆಯವರ ವ್ಯಾನಿನಲ್ಲಿ ನನ್ನನ್ನು ತುಮಕೂರಿಗೆ ಸಾಗಿಸಿದರು. ಅಮ್ಮನೂ ಕೊನೆಗೆ ಹತ್ತಿದಳಂತೆ, ಬರಿಗಾಲಲ್ಲಿ. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಅಪ್ಪನಿಗೆ ಹೇಳಿದರು.

ನಾನು ಎದ್ದು ಕೂತ ಮೇಲೆ ಟೀಚರ್ ಒಬ್ಬರೇ ಬಸ್ಸು ಹತ್ತಿ ಕುಣಿಗಲ್‌ಗೆ ಹೋದರು. ಆರಾಧನೆಯ ನಡುವೆ ಎದ್ದು ನಿಂತು, ನೀವು ಸ್ವಸ್ಥವಾಯಿತು ಅಂದ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ, ಯಾರೂ ಮಾತ್ರೆ ಸೂಜಿ ನಿಲ್ಲಿಸಬೇಡಿ ಅಂತ ಹೇಳತೊಡಗಿದರು. ಬೋಧಕ ಸನ್ನೆ ಮಾಡಿದ. ಕೀಬೋರ್ಡಿನವನು ಜೋರಾಗಿ ನುಡಿಸಿದ. ಇಡೀ ಸಭೆ ಚಪ್ಪಾಳೆ ತಟ್ಟಿ ಹಾಡತೊಡಗಿತು. ಹಾಡಿನ ಒಳಗೇ ಅವರ ತೋಳು ಹಿಡಿದು ಹೊರಗೆ ಬಿಟ್ಟರು. ಇವಳೊಳಗೆ ಸಂದೇಹದ ಆತ್ಮ ಇದೆ, ಆ ಮನೆಯವರಿಗೆ ಅದು ಅಂಟಿಕೊಂಡಿದ್ದರಿಂದಲೇ ಕಾಯಿಲೆ ಮರಳಿತು ಅಂತ ಅವನು ಆಮೇಲೆ ಬೋಧಿಸಿದನಂತೆ. ವಾಸಿಯಾದರೆ ಅವನ ಹೆಸರು, ಆಗದಿದ್ದರೆ ನಮ್ಮ ತಪ್ಪು. ಎಂಥ ಲೆಕ್ಕ!

ಅವನೊಬ್ಬನ ಮೇಲಿನ ಸಿಟ್ಟಾಗಿದ್ದರೆ ನುಂಗಿಕೊಳ್ಳಬಹುದಿತ್ತೇನೋ. ನಮ್ಮದೇ ಚರ್ಚಿನ ಹಿರಿಯರು ಏನು ಮಾಡಿದರು? ಪೊಲೀಸರಿಗೆ ದೂರು ಕೊಡೋಣ, ಸಹಿ ಹಾಕಿ ಅಂತ ಟೀಚರ್ ಕೇಳಿದ್ದಕ್ಕೆ, "ಇನ್ನೊಂದು ಸಭೆ ವಿಚಾರ ನಮಗ್ಯಾಕೆ ಟೀಚರ್? ಕಾಲ ಬೇರೆ ಸರಿಯಿಲ್ಲ. ಕ್ರೈಸ್ತರೇ ಕ್ರೈಸ್ತರ ಮರ್ಯಾದೆ ಕಳೆದ್ರೆ ಹೊರಗಿನವರು ನಗಲ್ವಾ?" ಅಂದರು. "ಮರ್ಯಾದೆ ಮಗು ಪ್ರಾಣಕ್ಕಿಂತ ದೊಡ್ಡದಾಯ್ತಾ?" ಅಂತ ಟೀಚರ್ ಕೇಳಿದರು. ಕಿವಿ ಆಗ ಯಾವ ಬಣ್ಣಕ್ಕಿತ್ತೋ ಊಹಿಸಬಲ್ಲೆ. ಮುಂದಿನ ತಿಂಗಳು ಸಂಡೇ ಸ್ಕೂಲನ್ನು ಬೇರೆಯವರಿಗೆ ವಹಿಸಲಾಯಿತು. ಟೀಚರಿಗೆ ವಿಶ್ರಾಂತಿ ಬೇಕು ಅಂತ ಪ್ರಕಟಿಸಿದರು. ಅವರು ವಿಶ್ರಾಂತಿ ಕೇಳಿದ್ದು ಯಾವಾಗ? ನಮ್ಮ ಮನೆ ಮಾತಿಗೆ ಬೆಲೆ ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಮಾವನನ್ನು ಎದುರುಹಾಕಿಕೊಳ್ಳಲು ಅಪ್ಪನಿಗೂ ಧೈರ್ಯ ಬರಲಿಲ್ಲ. ದೂರು ಹಾಗೇ ಸತ್ತಿತು. ಕುಣಿಗಲ್‌ನ ಆ ತಗಡಿನ ಮಂದಿರ ಈಗ ಎರಡು ಅಂತಸ್ತಿನ ಕಟ್ಟಡ.

ಹೈಸ್ಕೂಲಿಗೆ ಬಂದ ಮೇಲೆ ನಾನು ವೇದಪುಸ್ತಕ ಮುಟ್ಟುವುದು ಬಿಟ್ಟೆ. ಟೀಚರ ಮನೆಗೆ ಹೋಗಿ, "ನಾನಿನ್ನು ಓದಲ್ಲ. ಅದನ್ನ ತೋರ್ಸೇ ನನ್ನ ಸಾಯ್ಸೋಕೆ ಹೋದ್ರು" ಅಂತ ನೇರವಾಗಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೊಪ್ಪು ಬಿಡಿಸುತ್ತಿದ್ದವರು ನನ್ನ ಮುಂದೆಯೂ ಒಂದು ಹಿಡಿ ಹಾಕಿದರು.

"ಸಿಟ್ಟಿದ್ಯಾ?"

"ಹೂಂ."

"ದೇವರ ಮೇಲೂ?"

"ಹೂಂ."

"ಹಂಗಾದ್ರೆ ಸಿಟ್ಟಲ್ಲೇ ಓದು. ದೇವರ ಮೇಲೆ ರೇಗಾಡಿದವರ ಮಾತೂ ಅದರಲ್ಲೇ ಇದೆ, ಅವರನ್ನ ಆಚೆಗೆ ಹಾಕಿಲ್ಲ. ಆ ಮನುಷ್ಯ ತನ್ನ ಮಾತನ್ನ ದೇವರ ಮಾತು ಅಂತ ಮಾರಿದ. ಯಾರೋ ನಕಲಿ ಮಾಲು ಮಾರಿದ ಅಂತ ಅಸಲಿ ಅಂಗಡೀನೇ ಬಿಡ್ತೀಯಾ?"

ಹಾಗೆ ಸಂಜೆ ಹೊತ್ತು ಅವರ ಜೊತೆ ಓದತೊಡಗಿದೆ. ಒಂದು ಸಂಜೆಗೆ ಕೆಲವೊಮ್ಮೆ ಒಂದೇ ಸಾಲು. ದಾರಿಯಲ್ಲಿ ಗಾಯಗೊಂಡು ಬಿದ್ದವನ ಕಥೆ ಬಂದಾಗ ಅವರು ಬೆರಳಿಟ್ಟು ನಿಲ್ಲಿಸಿದರು. "ನೋಡು, ಯಾರೋ ದಾರಿಹೋಕ ಬಂದು ಇವನ ಗಾಯಕ್ಕೆ ಎಣ್ಣೆ ಹಾಕಿ ಪಟ್ಟಿ ಕಟ್ಟಿದ. ಎಣ್ಣೆ ಹಾಕಿದ್ದಕ್ಕೆ ನಿನಗೆ ನಂಬಿಕೆ ಇಲ್ಲ ಅಂತ ಯಾರಾದ್ರೂ ಅವನನ್ನ ಅಂದ್ರಾ?" ನಾನು ಅತ್ತೆ. ಎಷ್ಟೋ ಕಾಲದಿಂದ ಗಂಟಲಲ್ಲಿದ್ದದ್ದು ಆವತ್ತು ಇಳಿಯಿತು. ಕಂಠಪಾಠ ಮಾಡಿದ ಅಷ್ಟೂ ಪುಟಗಳಿಗಿಂತ ಆ ಒಂದು ಸಾಲು ನನ್ನೊಳಗೆ ಕೆಲಸ ಮಾಡಿತು. ನಂಬುವುದು ಅಂದರೆ ಕಣ್ಣು ಮುಚ್ಚುವುದಲ್ಲ, ತೆರೆಯುವುದು ಅಂತ ಗೊತ್ತಾದದ್ದು ಆವಾಗ.

ವೈರಿಗಳನ್ನು ಪ್ರೀತಿಸಬೇಕೆನ್ನುವ ಮಾತು ಬಂದಾಗ ಮಾತ್ರ ಇಬ್ಬರೂ ಸಿಕ್ಕಿಬಿದ್ದೆವು. ಟೀಚರ್ ಪುಸ್ತಕ ಮಡಿಚಿ, "ಇದು ನನಗಿನ್ನೂ ಇಳಿದಿಲ್ಲ ಕಣೇ. ಇಳಿದಿದೆ ಅಂತ ನಾಟಕ ಆಡಲ್ಲ. ಅವನನ್ನ ನಿಲ್ಸು ಸ್ವಾಮಿ ಅಂತ ಕೇಳ್ಕೋತೀನಿ, ಸದ್ಯಕ್ಕೆ ನನ್ ಕೈಲಿ ಆಗೋದು ಅಷ್ಟೇ" ಅಂದರು.

ಅಮ್ಮನ ವಿಷಯದಲ್ಲಿ ಮಾತ್ರ ನನ್ನ ಸಿಟ್ಟಿಗೆ ಅವರು ಜಾಗ ಕೊಡಲಿಲ್ಲ. "ಅವಳ ಭಯಾನ ಬೇರೆಯವನು ವ್ಯಾಪಾರ ಮಾಡ್ದ. ಅವಳನ್ನ ಬುಡು" ಅಂದರು. ಅಮ್ಮ ಬಹಳ ಕಾಲ ಅವರ ಎದುರಿಗೆ ಬರುತ್ತಿರಲಿಲ್ಲ. ಒಂದು ಸಂಜೆ ನನ್ನನ್ನು ಕರೆಯಲು ಬಂದವಳು ಜಗಲಿಯಲ್ಲಿ ನಿಂತು, "ನಾನು ನಂಬಿದ್ದೇ ತಪ್ಪಾ ಟೀಚರೇ?" ಅಂತ ಕೇಳಿದಳು.

"ನಂಬಿದ್ದು ತಪ್ಪಲ್ಲ ತಾಯಿ. ಯಾರ ಮಾತನ್ನ ಅಂತ ನೋಡ್ಲಿಲ್ಲ, ಅಷ್ಟೆ. ಬಾ, ಕೂತ್ಕೋ. ನಾವು ಅರ್ಧಕ್ಕೆ ಬಂದಿದೀವಿ."

ಅವತ್ತಿನಿಂದ ನಾವು ಮೂವರು.

ಹೋದ ವರ್ಷ ಟೀಚರಿಗೆ ಕಿಡ್ನಿ ಕೈಕೊಟ್ಟಿತು. ತುಮಕೂರಿನ ಆಸ್ಪತ್ರೆಯಲ್ಲಿ ನಾನೂ ಅಮ್ಮನೂ ಸರದಿಯ ಮೇಲೆ ಇರುತ್ತಿದ್ದೆವು. ಕೊನೆಯ ವಾರ ಅವರಿಗೆ ಓದಲು ಕಣ್ಣು ಕಾಣುತ್ತಿರಲಿಲ್ಲ. ಅಮ್ಮ ಓದುತ್ತಿದ್ದಳು. ಅಮ್ಮ ಸರಸರನೆ ಓದಿದರೆ, "ನಿಧಾನ" ಅಂತ ಬೆರಳೆತ್ತುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮ ಓದುತ್ತಿರುವಾಗಲೇ ಹೋದರು.

ಗುಬ್ಬಿಯಲ್ಲಿ ಮಣ್ಣು ಮಾಡುವಾಗ ಹಿರಿಯರಲ್ಲೊಬ್ಬರು, ಸಂಡೇ ಸ್ಕೂಲು ಕಿತ್ತುಕೊಂಡವರೇ, ನಮ್ಮ ಸಭೆಯ ಆಧಾರಸ್ತಂಭ ಬಿತ್ತು ಅಂತ ಗದ್ಗದಿತರಾಗಿ ಮಾತಾಡಿದರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ನನ್ನ ಪಕ್ಕದಿಂದ ಅಮ್ಮ ಮುಂದಕ್ಕೆ ಹೋದಳು. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆದವಳಲ್ಲ.

"ಇವರು ನನ್ನ ಮಗಳನ್ನ ಎತ್ಕೊಂಡು ಹೋಗೋವಾಗ ನಾನು ಇವರಿಗೆ ಹೊಡ್ದೆ. ನನಗೆ ಗೊತ್ತಿರಲಿಲ್ಲ, ಹೊಡ್ದೆ. ನಿಮಗೆಲ್ಲ ಗೊತ್ತಿತ್ತು. ನೀವು ಒಬ್ರೂ ಇವರ ಜೊತೆ ನಿಲ್ಲಲಿಲ್ಲ. ಈಗ ಸ್ತಂಭ ಅಂತೀರಾ?"

ಪ್ರಾರ್ಥನೆ ನಡೆಸುತ್ತಿದ್ದ ಸಭಾಪಾಲಕರು ತಲೆ ತಗ್ಗಿಸಿದರು. ಅಮ್ಮ ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದಳು.

ಅದಾದ ಮೇಲೆ ಅಮ್ಮ ಮನೆಯಲ್ಲಿ ಕೂರಲಿಲ್ಲ. ಕುಣಿಗಲ್‌ನಲ್ಲಿ ಆ ಮಂದಿರಕ್ಕೆ ಹೋಗುವವರು ಯಾರ್ಯಾರು ಔಷಧಿ ಬಿಟ್ಟಿದ್ದಾರೆ ಅಂತ ವಿಚಾರಿಸಿ ಅವರ ಮನೆಗೇ ಹೋಗುತ್ತಾಳೆ. ಹಿಂದಿನ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಯಡಿಯೂರಿನ ದಾರಿಯಲ್ಲಿ ಒಂದು ಮನೆ. ಹೊಸದಾಗಿ ಮದುವೆಯಾದ ಹುಡುಗಿ, ಫಿಟ್ಸ್ ಬರುತ್ತದೆ, ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ. ಅವಳ ಅತ್ತೆ ನಮ್ಮನ್ನು ಒಳಗೆ ಬಿಡಲು ಹಿಂದೆಮುಂದೆ ನೋಡಿದಳು. "ನಾನೂ ನಿನ್ ಹಂಗೇ ಬಾಗಿಲಿಗೆ ಅಡ್ಡ ನಿಂತೋಳು ಕಣವ್ವ" ಅಂದಳು ಅಮ್ಮ. ಆ ಹೆಂಗಸು ದಾರಿ ಬಿಟ್ಟಳು.

ಊಟಕ್ಕೆ ಕರೆದರು. ನಾನು ಗೋಡೆಯ ಕಡೆ ತಿರುಗಿ ಸೂಜಿ ಹಾಕಿಕೊಂಡೆ. ತಿರುಗಿದಾಗ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಅಕ್ಕ, ಸೂಜಿ ಹಾಕ್ಕೊಂಡೂ ನೀವು ವಾಕ್ಯ ನಂಬ್ತೀರಾ?"

"ನಂಬ್ತೀನಿ" ಅಂದೆ.

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಎದ್ದು ಹೋಗಿ ಅಲಮಾರಿನ ಮೇಲಿಂದ ಮಾತ್ರೆಯ ಡಬ್ಬಿ ಇಳಿಸಿದಳು.

ಆ ಬೋಧಕನ ಮೇಲಿನ ನನ್ನ ಸಿಟ್ಟು ಒಂದು ಹನಿಯೂ ಇಂಗಿಲ್ಲ. ಆ ಹಿರಿಯರ ಮುಖ ಕಂಡರೆ ಇಂದಿಗೂ ಮೈ ಉರಿಯುತ್ತದೆ. ಆದರೆ ‘ನಂಬ್ತೀನಿ’ ಅನ್ನುವ ಆ ಒಂದು ಮಾತು ಹೇಳುವಾಗ ನನ್ನ ದನಿ ನಡುಗಲಿಲ್ಲ. ಆ ದನಿ ನನ್ನದಲ್ಲ, ಟೀಚರ್ ಕೊಟ್ಟದ್ದು.