ಸದ್ದು ಮಾಡದ ಕ್ಯಾಮೆರಾ

ನಾಮಕರಣಗಳಿಗೆ ಫೋಟೊ ತೆಗೆಯುವುದು ನನ್ನ ಕೆಲಸ. ನನ್ನ ಪುಟ್ಟ ಮಿರರ್‌ಲೆಸ್ ಕ್ಯಾಮೆರಾದ ಟಕ್ ಸದ್ದಿಗೆ ತೊಟ್ಟಿಲಲ್ಲಿರುವ ಕೂಸು ಎದ್ದು ಅತ್ತರೆ ಅಜ್ಜಿಯರೆಲ್ಲ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ಹೊಸ ಮಾಡೆಲ್ ಸದ್ದೇ ಮಾಡುವುದಿಲ್ಲವಂತೆ. ಕೊಳ್ಳಬೇಕೋ ಬೇಡವೋ ನೋಡೋಣ ಎಂದು ಚೆಂಬೂರಿನ ಅಂಗಡಿಗೆ ಹೋದೆ. ಮಗಳನ್ನು ಎತ್ತಿಕೊಳ್ಳಲು ಗಂಡನೂ ಬಂದಿದ್ದರು.

"ಇದು ಸದ್ದಿಲ್ಲದೆ ಫೋಟೊ ತೆಗೆಯುತ್ತದಾ?" ಎಂದು ಕೇಳಿದವಳು ನಾನು. ಕೌಂಟರಿನವನು ಉತ್ತರ ಕೊಟ್ಟಿದ್ದು ನನ್ನ ಗಂಡನಿಗೆ. "ಹೌದು ಸಾಬ್. ಮೇಡಂಗೆ ಹಗುರ, ಬಣ್ಣವೂ ಚೆಂದ."

ನನಗೆ ಮೈಯೆಲ್ಲ ಉರಿಯಿತು. "ಇವರಿಗೆ ಲೆನ್ಸಿನ ಮುಚ್ಚಳ ತೆಗೆಯಲೂ ಬರುವುದಿಲ್ಲ. ನನ್ನ ಮುಖ ನೋಡಿ ಮಾತಾಡಪ್ಪಾ!"

ಅವನು ಮತ್ತೆ ನನ್ನ ಗಂಡನತ್ತಲೇ ತಿರುಗಿ, "ಬಿಲ್ ಮಾಡಲಾ ಸಾಬ್?" ಎಂದ.

ನನ್ನ ಹಳೇ ಕ್ಯಾಮೆರಾವನ್ನು ಅವನ ಮುಂದಿಟ್ಟೆ. "ಇದರಲ್ಲಿ ಇಲ್ಲದ್ದು ಅದರಲ್ಲಿ ಏನಿದೆ, ತೋರಿಸು. ಬಿಲ್ ಆಮೇಲೆ."

ಅವನು ನನ್ನ ಕ್ಯಾಮೆರಾದ ಮೆನುವಿನಲ್ಲಿ ಏನೋ ಬದಲಿಸಿ ಒಂದು ಫೋಟೊ ತೆಗೆದ. ಸದ್ದೇ ಬರಲಿಲ್ಲ. "ಸೈಲೆಂಟ್ ಇದರಲ್ಲೂ ಇದೆ," ಎಂದ.

"ಮೊದಲೇ ಹೇಳಲು ಏನಾಗಿತ್ತು ನಿನಗೆ?"

"ಸಾಬ್ ಕೇಳಲೇ ಇಲ್ಲವಲ್ಲ!"

ಕ್ಯಾಮೆರಾ ಅಲ್ಲೇ ಬಾಯಿ ಮುಚ್ಚಿತು. ನನ್ನ ಬಾಯಿ ಸಯನ್‌ನ ಮನೆ ತಲುಪುವವರೆಗೂ ಮುಚ್ಚಲಿಲ್ಲ. ಪಾಪ, ಅಷ್ಟನ್ನೂ ಕೇಳಿಸಿಕೊಂಡವರು ಸಾಬ್.