ಕುದುರೆಯ ಎದೆಯ ನೀರು

ಎಂಬತ್ತರ ದಶಕದಲ್ಲಿ ನಾನು ಬಂಗಾರಪೇಟೆಯಲ್ಲಿ ದನದ ಡಾಕ್ಟರಾಗಿದ್ದೆ. ಬರುತ್ತಿದ್ದುದೆಲ್ಲ ಸೀಮೆಹಸುಗಳು. ಕುದುರೆ ಎಂದರೆ ಸ್ಟೇಷನ್ ಮುಂದಿನ ನಾಲ್ಕಾರು ಜಟಕಾ ಕುದುರೆಗಳಷ್ಟೇ. ಆದರೆ ಓದುವಾಗ ನಾನು ಕುದುರೆಯ ಶ್ವಾಸಕೋಶಕ್ಕೆ ಕೊಳವೆ ಇಳಿಸಿ, ಉಪ್ಪುನೀರು ಬಿಟ್ಟು, ವಾಪಸ್ಸು ಎಳೆದು ಪರೀಕ್ಷಿಸುವುದನ್ನು ಕಲಿತಿದ್ದೆ. ಆ ಉದ್ದನೆಯ ಕೊಳವೆಯನ್ನು ಬೀರುವಿನಲ್ಲಿಟ್ಟುಕೊಂಡು ಕೆಮ್ಮುವ ಕುದುರೆಗಾಗಿ ಕಾಯುತ್ತಿದ್ದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ.

ಒಂದು ಬೆಳಿಗ್ಗೆ ಆಸ್ಪತ್ರೆಯ ಹೊರಗೆ ಎರಡು ಕೆಮ್ಮು ಕೇಳಿಸಿದವು. ಒಂದು ನಿಂತರೆ ಇನ್ನೊಂದು ಶುರುವಾಗುತ್ತಿತ್ತು. ಹೋಗಿ ನೋಡಿದರೆ ಒಬ್ಬ ಮುದುಕ, ಒಂದು ಕಂದು ಬಣ್ಣದ ಹೆಣ್ಣು ಕುದುರೆ. ಆತ ಕೆಜಿಎಫ್‌ನ ಗಣಿಯಲ್ಲಿ ಆಯಸ್ಸು ಸವೆಸಿ, ಎದೆಗೆ ಕಲ್ಲಿನ ಧೂಳು ತುಂಬಿಕೊಂಡು ಹೊರಬಂದು, ಜಟಕಾ ಕೊಂಡವನು. ಕುದುರೆಯನ್ನು ಕೆಜಿಎಫ್‌ನಿಂದ ಅಷ್ಟು ದೂರ ನಿಲ್ಲಿಸಿ ನಿಲ್ಲಿಸಿ ನಡೆಸಿಕೊಂಡು ಬಂದಿದ್ದ.

"ಇದ್ಕೂ ನನ್ ಕಾಯಿಲೇನೇ ಬಂದೈತೆ ಸಾ," ಎಂದ. "ಗಣಿ ಧೂಳು. ವಾಸಿ ಆಗೋದಲ್ಲ. ಉಸ್ರು ಕಟ್ಟೋದು ಎಂಗಿರ್ತದೆ ಅಂತ ನಂಗ್ಗೊತ್ತು. ಇದ್ಕೆ ಆ ಪಾಡು ಬ್ಯಾಡ. ಒಂದು ಸೂಜಿ ಆಕಿ ಮಲಗಿಸ್ಬಿಡಿ."

"ಮೊದಲು ನೋಡೋಣ ತಾತ," ಎಂದೆ. ಆತನ ಸಂಕಟಕ್ಕಿಂತ ನನ್ನ ಕೊಳವೆಯೇ ನನ್ನ ತಲೆಯಲ್ಲಿತ್ತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ಮೂಗಿನ ಹೊಳ್ಳೆಗೆ ಮರಗಟ್ಟಿಸುವ ಔಷಧಿ ಹಚ್ಚಿ, ಕೊಳವೆಯನ್ನು ಮೆಲ್ಲಗೆ ಇಳಿಸಿದೆ. ಕುದುರೆ ಕೆಮ್ಮಿತು, ಕೊಳವೆ ಅನ್ನದ ದಾರಿ ಬಿಟ್ಟು ಗಾಳಿಯ ದಾರಿ ಹಿಡಿದಿದೆ ಎಂದು ಅದರಿಂದಲೇ ಗೊತ್ತಾಯಿತು. ಮುಂದೆ ಹೋಗದೆ ಸಿಕ್ಕಿಕೊಂಡಲ್ಲಿ ಬೆಚ್ಚಗಿನ ಉಪ್ಪುನೀರು ಬಿಟ್ಟು, ದೊಡ್ಡ ಸಿರಿಂಜಿನಲ್ಲಿ ಎಳೆದೆ. ಬಿಟ್ಟದ್ದರಲ್ಲಿ ಅರ್ಧ ವಾಪಸ್ಸು ಬಂತು, ಕರೆದ ಹಾಲಿನಂತೆ ಮೇಲೆ ನೊರೆ ಕಟ್ಟಿಕೊಂಡು. ನೊರೆ ಬಂದರೆ ಅದು ಶ್ವಾಸಕೋಶದ ಆಳದ ನೀರೇ. ಮುದುಕ ಅಷ್ಟೂ ಹೊತ್ತು ಕುದುರೆಯ ಕಿವಿಯ ಬಳಿ ತಮಿಳಿನಲ್ಲೋ ತೆಲುಗಿನಲ್ಲೋ ಏನೋ ಹೇಳುತ್ತಿದ್ದ.

ಆ ನೀರಿನ ಗಸಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಉರಿಯೂತದ ಬಿಳಿ ಕಣಗಳು ಮುತ್ತಿಕೊಂಡಿದ್ದವು. ಜೊತೆಗೆ ಲೋಳೆ, ಬೂಷ್ಟಿನ ಬೀಜಗಳು. ಕಲ್ಲಿನ ಧೂಳಿನ ಗುರುತು ಕಾಣಲಿಲ್ಲ. ಇದು ಹುಲ್ಲಿನ ಧೂಳಿನಿಂದ ಬರುವ ಕೆಮ್ಮು. ಗಾಳಿ ಸಿಕ್ಕರೆ ಇಳಿಯುವಂಥದು.

ಮರುದಿನ ಫಲಿತಾಂಶ ಹೇಳಲು ನಾನೇ ಆತನ ಲಾಯಕ್ಕೆ ಹೋದೆ. ಹಿಂದೆಯೇ ಸಯನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯ ಗುಡ್ಡ. ಆಷಾಢದ ಗಾಳಿಗೆ ಅದರ ಬಿಳಿ ಧೂಳು ಎದ್ದರೆ ಅಲ್ಲಿಯ ಜನ ಬಾಗಿಲು, ಕಿಟಕಿ ಮುಚ್ಚಿ, ಸಂದಿಗೆಲ್ಲ ಗೋಣಿ ತುರುಕುತ್ತಾರೆ. ಮುದುಕ ತನ್ನ ಮನೆಗಿಂತ ಹೆಚ್ಚು ಜತನದಿಂದ ಲಾಯವನ್ನು ಮುಚ್ಚಿದ್ದ. ಗೋಣಿಗೆ ಗೋಣಿ ಸೇರಿಸಿ ಹೊಲಿದು, ಕೆಳಗೆ ಕಲ್ಲು ಹೇರಿ, ಸೂಜಿ ಮೊನೆಯಷ್ಟೂ ಸಂದಿ ಉಳಿಸಿರಲಿಲ್ಲ. ಒಳಗೆ ಗಂಜಲದ ಘಾಟಿಗೆ ಕಣ್ಣಲ್ಲಿ ನೀರು ಬಂತು. ಮೂಲೆಯಲ್ಲಿ ಬೂಷ್ಟು ಹಿಡಿದ ರಾಗಿ ಹುಲ್ಲು ಮಾಡಿನವರೆಗೆ ಪೇರಿಸಿತ್ತು.

"ಹೊರಗಿನ ಧೂಳಲ್ಲ, ಒಳಗಿನದು," ಎಂದೆ. "ನೀನೇ ಮಾಡಿರೋದು ಇದು. ಈ ಗೋಣಿ ಕಿತ್ತು ಹಾಕು. ಹುಲ್ಲು ನೆನೆಸಿ ಹಾಕು. ವಾಸಿಯಾಗುತ್ತೆ."

ಆತನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಮುದುಕ ಗೋಣಿ ಹಿಡಿದುಕೊಂಡು ನಿಂತ.

"ಧೂಳು ಬರಬಾರ್ದು ಅಂತ ತಾನೆ ಸಾ ಕಟ್ಟಿದ್ದು," ಎಂದ. ಆಮೇಲೆ ಹೊಲಿಗೆ ಬಿಚ್ಚುವಷ್ಟೂ ತಾಳ್ಮೆ ಇಲ್ಲದೆ ಹರಿದು ಹಾಕಿದ. 'ನೀನೇ ಮಾಡಿರೋದು' ಎಂದು ನಾನು ಹೇಳಬಾರದಿತ್ತು. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಒಂದೂವರೆ ತಿಂಗಳ ಮೇಲೆ ಆತ ಜಟಕಾ ಕಟ್ಟಿಕೊಂಡೇ ಆಸ್ಪತ್ರೆಗೆ ಬಂದ. ಕ್ಯಾಸಂಬಳ್ಳಿಯ ಬದನೆಕಾಯಿ ತಂದಿದ್ದ. ನಾನು ಕುದುರೆಯ ಎದೆಗೆ ಕಿವಿಗೊಟ್ಟು ನೋಡಿದೆ. ಸೀಟಿಯ ಸದ್ದಿಲ್ಲ, ಹೊಳ್ಳೆ ಅರಳುತ್ತಿಲ್ಲ. ಮುದುಕ ತೆರೆದ ಬೀರುವಿನಲ್ಲಿದ್ದ ಕೊಳವೆಯನ್ನೇ ನೋಡುತ್ತಿದ್ದ.

"ನಂಗೂ ಒಂದ್ಸಲ ಅದನ್ನ ಇಳ್ಸಿ ನೋಡ್ತೀರಾ ಸಾ? ನಂದೂ ಗಣೀದಲ್ದೆ ಇದ್ರೆ?"

"ನಾನು ದನದ ಡಾಕ್ಟರು ತಾತ."

"ಗೊತ್ತು ಸಾ. ಸುಮ್ಕೆ ಕೇಳ್ದೆ."

ಬದನೆಕಾಯಿ ಮೇಜಿನ ಮೇಲಿಟ್ಟು ಹೊರಟ. ನಾನು ಕೊಳವೆಯನ್ನು ಒಳಗಿಟ್ಟು ಬೀರು ಮುಚ್ಚಿದೆ. ಗಾಡಿ ಸ್ಟೇಷನ್ ರಸ್ತೆಗೆ ತಿರುಗುವವರೆಗೂ ಕೆಮ್ಮು ಕೇಳಿಸುತ್ತಿತ್ತು. ಈಗ ಒಂದೇ ಕೆಮ್ಮು.